ಯಂತ್ರಕ್ಕೆ ಕೆಲಸವುಂಟು, ಕಾಯಕವಿಲ್ಲ

(ಬೆಳ್ಮಣ್‌ನಲ್ಲಿ ಬಸವ ಜಯಂತಿಯ ನಿಮಿತ್ತ ಸೇರಿದ್ದ ಶರಣ ಬಂಧುಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

 

ಕರಾವಳಿಯಲ್ಲಿ ಲಿಂಗಾಯತರ ಸಂಖ್ಯೆ ಕಡಿಮೆ. ಆದರೂ ಇವತ್ತು ಬೆಳ್ಮಣ್‌ನಲ್ಲಿ ಇಷ್ಟು ಜನ ಸೇರಿದ್ದೀರಿ. ನಿಮ್ಮಲ್ಲಿ ಹೆಚ್ಚಿನವರು ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರ, ಹಾವೇರಿ ಕಡೆಯಿಂದ ಉಡುಪಿ, ಮಣಿಪಾಲ, ಕಾರ್ಕಳಕ್ಕೆ ದುಡಿಯಲು ಬಂದವರು. ಕೆಲವರು ಗಾರೆ ಕೆಲಸಕ್ಕೆ, ಕೆಲವರು ದೊಡ್ಡ ಕಟ್ಟಡಗಳ ಕಾವಲಿಗೆ, ಕೆಲವರು ಹೌಸ್‌ಕೀಪಿಂಗಿಗೆ. ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದವರೂ ಇದ್ದೀರಿ. ನಿಮ್ಮ ಜೊತೆ ಈ ಊರಿನ ಹಿರಿಯರೂ ಕುಳಿತಿದ್ದಾರೆ. 

ನನಗೆ ಕೊಟ್ಟ ವಿಷಯ ಶರಣರ ಕಾಯಕ ತತ್ವ. ಅದನ್ನೇ ಮಾತಾಡುತ್ತೇನೆ. ಆದರೆ ಶುರು ಮಾಡುವುದು ಕಲ್ಯಾಣದಿಂದಲ್ಲ, ಈಗ ಅರ್ಧ ಗಂಟೆಯ ಹಿಂದೆ ಇದೇ ಅಂಗಳದಲ್ಲಿ ನಡೆದ ಒಂದು ಮಾತಿನಿಂದ. ಒಬ್ಬ ತಾಯಿ ನನ್ನ ಹತ್ತಿರ ಬಂದರು. ನಾನು ಇಂಜಿನಿಯರಿಂಗ್ ಪಾಠ ಹೇಳಿದವನು ಎಂದು ಯಾರೋ ಹೇಳಿದ್ದರಂತೆ. "ಸರ್ರ, ನೆಲಾ ಒರಸೋ ಮಷೀನು ತಾನ ಓಡ್ಯಾಡತೈತಂತ. ನಮ್ಮ ಸೂಪರ್‌ವೈಸರು ಮೊಬೈಲ್‌ದಾಗ ತೋರಿಸಿದ್ರು. ಅದು ಬಂದ ಮ್ಯಾಲ ನಮ್ಮನ್ನ ಇಟ್ಕೋತಾರೇನ್ರೀ?" ಎಂದು ಕೇಳಿದರು. ಕಾಯಕದ ಬಗ್ಗೆ ಭಾಷಣ ಮಾಡುವವನು ಈ ಪ್ರಶ್ನೆಗೆ ಉತ್ತರ ಕೊಡದೆ ವೇದಿಕೆ ಇಳಿಯಬಾರದು. ಆದ್ದರಿಂದ ಇವತ್ತಿನ ನನ್ನ ಮಾತು ಆ ತಾಯಿಗೆ ಕೊಡುವ ಉತ್ತರ.

ಮೊದಲು ಆ ಮಷೀನು ಏನೆಂದು ತಿಳಿಯೋಣ. ಕಾರ್ಖಾನೆಯಲ್ಲಿ ಕಾರಿಗೆ ಬೆಸುಗೆ ಹಾಕುವ ರೋಬೋಟನ್ನು ಟಿವಿಯಲ್ಲಿ ನೋಡಿರುತ್ತೀರಿ. ಅದು ನಿಂತಲ್ಲೇ ನಿಂತು ಕೈ ಆಡಿಸುತ್ತದೆ. ಈಗ ಬರುತ್ತಿರುವುದಕ್ಕೆ ಗಾಲಿಗಳಿವೆ, ಅದು ಜನರ ನಡುವೆ ಓಡಾಡುತ್ತದೆ. ಹಿಂದೆಯೂ ತಾನಾಗಿ ಓಡುವ ಗಾಡಿಗಳಿದ್ದವು. ಅವು ನೆಲಕ್ಕೆ ಅಂಟಿಸಿದ ಪಟ್ಟಿಯನ್ನೋ ಹುಗಿದ ತಂತಿಯನ್ನೋ ಹಿಡಿದು ಹೋಗುತ್ತಿದ್ದವು. ದಾರಿಗೆ ಒಂದು ಬಕೆಟ್ ಅಡ್ಡ ಇಟ್ಟರೆ ಅಲ್ಲೇ ನಿಲ್ಲುತ್ತಿದ್ದವು. ಹೊಸ ಯಂತ್ರ ಬಕೆಟ್ಟನ್ನು ಬಳಸಿಕೊಂಡು ಹೋಗುತ್ತದೆ. ಅದರ ಮೇಲೆ ಲೈಡಾರ್ ಎಂಬ ಉಪಕರಣ ಇರುತ್ತದೆ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಸುತ್ತಲೂ ಬಿಟ್ಟು, ಬೆಳಕು ಗೋಡೆಗೋ ಮನುಷ್ಯನಿಗೋ ಬಡಿದು ವಾಪಸು ಬರುವ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಅಷ್ಟು ಸೂಕ್ಷ್ಮದ ಎಣಿಕೆ ಅದು.

ಯಂತ್ರ ತಂದ ಮೊದಲ ದಿನ ಒಬ್ಬರು ಅದನ್ನು ಕಟ್ಟಡವಿಡೀ ಸುತ್ತಾಡಿಸುತ್ತಾರೆ. ಅದು ಸುತ್ತುತ್ತಲೇ ನಕ್ಷೆ ಬರೆದುಕೊಳ್ಳುತ್ತದೆ, ಆ ನಕ್ಷೆಯಲ್ಲಿ ತಾನು ಎಲ್ಲಿದ್ದೇನೆ ಎಂಬುದನ್ನೂ ಜೊತೆಜೊತೆಗೇ ಗುರುತಿಸಿಕೊಳ್ಳುತ್ತದೆ. ಊರು ಬಿಟ್ಟು ಇಲ್ಲಿಗೆ ಬಂದ ಮೊದಲ ವಾರ ನೀವು ಮಾಡಿದ್ದೂ ಇದನ್ನೇ: ಬಸ್‌ಸ್ಟ್ಯಾಂಡಿನಿಂದ ಎಡಕ್ಕೆ, ಅರಳಿಮರ ದಾಟಿ ಬಲಕ್ಕೆ. ಬ್ಯಾಟರಿ ಇಳಿದರೆ ಅದೇ ಹೋಗಿ ಚಾರ್ಜಿಗೆ ನಿಲ್ಲುತ್ತದೆ. ಕ್ಯಾಮೆರಾ ಕಟ್ಟಿದರೆ ಕಾವಲು, ತಟ್ಟೆ ಕಟ್ಟಿದರೆ ಸರ್ವರ್, ಬ್ರಷ್ ಕಟ್ಟಿದರೆ ನೆಲ ಒರೆಸುವವನು. ಒಳಗಿನ ವಿದ್ಯೆ ಒಂದೇ.

ಅದಕ್ಕೆ ಕಷ್ಟಗಳೂ ಇವೆ. ಗಾಜಿನ ಗೋಡೆ ಕಂಡರೆ ಲೇಸರ್ ಬೆಳಕು ಆರಪಾರ ಹೋಗಿಬಿಡುತ್ತದೆ, ಕನ್ನಡಿ ಕಂಡರೆ ಮೋಸ ಹೋಗುತ್ತದೆ. ಗಾಲಿಯ ಯಂತ್ರಕ್ಕೆ ಮೆಟ್ಟಿಲು ಹತ್ತಲಾಗದು. ನಮ್ಮ ಹಳೆಯ ಮನೆಗಳ ಹೊಸ್ತಿಲೇ ಅದಕ್ಕೆ ಬೆಟ್ಟ. 2017ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಒಂದು ಕಾವಲು ರೋಬೋಟ್ ಕಟ್ಟಡದ ಮುಂದಿನ ಕಾರಂಜಿಯ ನೀರಿಗೆ ಹೋಗಿ ಬಿದ್ದಿತ್ತು. ಲೋಕವೆಲ್ಲ ನಕ್ಕಿತು. ಆದರೆ ಆ ನಗುವನ್ನೇ ನಂಬಿ ನಾವು ನಿಶ್ಚಿಂತರಾಗಬಾರದು. ತನ್ನ ದಾರಿ ತಾನೇ ಯೋಚಿಸುವ ಮೊದಲ ಯಂತ್ರವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಶುರು ಮಾಡಿದ್ದು 1966ರಲ್ಲಿ. 1980ರ ದಶಕದ ಕೊನೆಗೆ ಅಲ್ಲಿಯ ಆಸ್ಪತ್ರೆಯಲ್ಲಿ ಊಟದ ತಟ್ಟೆ, ಔಷಧ ಒಯ್ಯುವ ರೋಬೋಟ್ ಬಂತು. 2002ರ ಹೊತ್ತಿಗೆ ಮನೆಯ ಕಸ ಹೀರುವ ತಟ್ಟೆಯಾಕಾರದ ಯಂತ್ರ ಅಂಗಡಿಗೆ ಬಂತು.

ನಮ್ಮ ರಾಜ್ಯಕ್ಕೂ ಅದು ಹೊಸದಲ್ಲ. ಬೆಂಗಳೂರಿನ ಇನ್ವೆಂಟೋ ಸಂಸ್ಥೆ ಮಾಡಿದ 'ಮಿತ್ರ' ಎಂಬ ರೋಬೋಟ್ 2017ರಲ್ಲಿ ಹೈದರಾಬಾದಿನ ಜಾಗತಿಕ ಸಮಾವೇಶದಲ್ಲಿ ಪ್ರಧಾನಿಯವರನ್ನು ಸ್ವಾಗತಿಸಿತು. 2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನ ಫೋರ್ಟಿಸ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬಂದವರ ಜ್ವರ ನೋಡಿತು. 2022ರಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ದಾರಿ ತೋರಿಸುವ ರೋಬೋಟುಗಳನ್ನು ಪ್ರಯೋಗಕ್ಕೆ ಇಳಿಸಿದರು. ಬೆಂಗಳೂರಿನ ಹೋಟೆಲಿನಲ್ಲಿ ರೋಬೋಟ್ ಊಟ ತಂದುಕೊಟ್ಟದ್ದೂ ಆಯಿತು. ಇಲ್ಲೇ ಮಣಿಪಾಲದ ಎಂ.ಐ.ಟಿ.ಯ ವಿದ್ಯಾರ್ಥಿಗಳು 'ಪ್ರಾಜೆಕ್ಟ್ ಮಾನಸ್' ಎಂಬ ತಂಡ ಕಟ್ಟಿಕೊಂಡು ಚಾಲಕನಿಲ್ಲದ ವಾಹನ ಮಾಡುತ್ತಿದ್ದಾರೆ. ಪಕ್ಕದ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಮಕ್ಕಳೂ ನಾಳೆ ಇದೇ ಕೆಲಸಕ್ಕೆ ಹೋಗುವವರು. ತಾಯಿ ಕಟ್ಟಡದ ನೆಲ ಒರೆಸಿ ಮಗನನ್ನು ಇಂಜಿನಿಯರಿಂಗ್ ಓದಿಸುತ್ತಾಳೆ, ಮಗ ನೆಲ ಒರೆಸುವ ಯಂತ್ರ ಮಾಡುವ ಕಂಪನಿಗೆ ಸೇರುತ್ತಾನೆ. ಇದು ನಮ್ಮ ಮನೆಗಳ ಒಳಗಿನ ಪ್ರಶ್ನೆ ಬಂಧುಗಳೇ.

ಈಗ ಕಲ್ಯಾಣಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದಲ್ಲಿ ಶರಣರಾಗಿ ನಮಗೆ ಪೂಜ್ಯರಾದವರು ಯಾರು? ಸತ್ಯಕ್ಕ, ಕಸ ಗುಡಿಸುವವಳು. ತಳವಾರ ಕಾಮಿದೇವ, ಊರು ಕಾಯುವವನು. ಕೊಟ್ಟಣದ ಸೋಮಮ್ಮ, ಭತ್ತ ಕುಟ್ಟುವವಳು. ಇವತ್ತಿನ ಮಾತಿನಲ್ಲಿ ಹೇಳಿದರೆ ಒಬ್ಬರು ಹೌಸ್‌ಕೀಪಿಂಗ್, ಒಬ್ಬರು ಸೆಕ್ಯುರಿಟಿ, ಒಬ್ಬರು ಅಡುಗೆಮನೆಯ ಕೆಲಸ. ಅಂದು ಬಸವಣ್ಣನವರು ಬಿಜ್ಜಳನ ಭಂಡಾರಿ. ಆ ಭಂಡಾರಿಯೂ ಈ ಕಸ ಗುಡಿಸುವ ಅಕ್ಕನೂ ಒಂದೇ ಗೋಷ್ಠಿಯಲ್ಲಿ ಕುಳಿತರು. ಅವಳ ವಚನವನ್ನೂ ಬರೆದಿಟ್ಟುಕೊಂಡರು. ಎಂಟು ನೂರು ವರ್ಷ ದಾಟಿ ಇವತ್ತಿಗೂ ನಾವು ಅವನ್ನು ಓದುತ್ತೇವೆ. ಲೋಕದಲ್ಲಿ ಬೇರೆಲ್ಲಿ ಕಸಬರಿಗೆ ಹಿಡಿದವಳ ಮಾತು ಹೀಗೆ ಧರ್ಮಸಾಹಿತ್ಯವಾಗಿ ಉಳಿದಿದೆ, ಯೋಚಿಸಿ.

ಆದರೆ ಒಂದು ಪ್ರಶ್ನೆ. ಸೋಮಮ್ಮನ ಕೊಟ್ಟಣ ಈಗ ಎಲ್ಲಿದೆ? ಅಕ್ಕಿ ಗಿರಣಿ ಬಂದು ಒನಕೆಯನ್ನು ಅಟ್ಟಕ್ಕೆ ಏರಿಸಿತು. ಕದಿರ ರೆಮ್ಮವ್ವೆಯ ನೂಲುವ ಕಾಯಕವನ್ನು ನೂಲಿನ ಗಿರಣಿ ತೆಗೆದುಕೊಂಡಿತು. ಒನಕೆ ಹೋಯಿತು ಎಂದು ನಮ್ಮ ಅಜ್ಜಿಯರು ಅತ್ತಿಲ್ಲ, ಬೆನ್ನುನೋವು ಹೋಯಿತು ಎಂದರು. ಹಾಗಾಗಿ ಯಂತ್ರ ಬಂದರೆ ಕಾಯಕ ಕೆಡುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಒಂದು ದಿನ ಒನಕೆ ಹಿಡಿದು ನೋಡಲಿ.

ಕಾಯಕ ಎಂದರೆ ಆ ಒನಕೆಯೂ ಅಲ್ಲ, ಆ ಕಸಬರಿಗೆಯೂ ಅಲ್ಲ. ಸತ್ಯದಿಂದ ದುಡಿಯಬೇಕು, ದುಡಿದದ್ದರಲ್ಲಿ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ದಾಸೋಹಕ್ಕೆ ಒಪ್ಪಿಸಬೇಕು, ಆ ದುಡಿಮೆಯಿಂದಲೇ ಸಮಾಜದಲ್ಲಿ ತಲೆ ಎತ್ತಿ ನಿಲ್ಲಬೇಕು. ಈ ಮೂರೂ ಸೇರಿದರೆ ಕಾಯಕ. ಯಂತ್ರ ನೆಲ ಒರೆಸುತ್ತದೆ, ಆದರೆ ಅದಕ್ಕೆ ಹಸಿವಿಲ್ಲ, ಹಂಚಿಕೊಳ್ಳುವ ಅನ್ನವಿಲ್ಲ, ಎತ್ತಿ ನಿಲ್ಲಬೇಕಾದ ತಲೆಯಿಲ್ಲ. ಆದ್ದರಿಂದ ಯಂತ್ರಕ್ಕೆ ಕೆಲಸವುಂಟು, ಕಾಯಕವಿಲ್ಲ. ಕೆಲಸವನ್ನು ಯಂತ್ರಕ್ಕೆ ಕೊಟ್ಟಾಗ ಅದರ ಜೊತೆಗಿದ್ದ ಅನ್ನ, ಹಂಚಿಕೆ, ಮರ್ಯಾದೆ ಎಲ್ಲಿಗೆ ಹೋಯಿತು ಎಂದು ಕೇಳುವುದು ಬಸವಭಕ್ತರ ಕರ್ತವ್ಯ.

ಯಂತ್ರಕ್ಕೆ ಕೊಡಲೇಬೇಕಾದ ಕೆಲಸಗಳಿವೆ. ಮಲಗುಂಡಿಗೆ ಮನುಷ್ಯನನ್ನು ಇಳಿಸುವುದು ಅವುಗಳಲ್ಲಿ ಮೊದಲನೆಯದು. ಅದನ್ನು ನಿಷೇಧಿಸಿ 2013ರಲ್ಲೇ ಕಾಯ್ದೆಯಾಗಿದೆ, ಆದರೂ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ನೆರೆಯ ಕೇರಳದ ಯುವಕರು ತಿರುವನಂತಪುರದಲ್ಲಿ 'ಬ್ಯಾಂಡಿಕೂಟ್' ಎಂಬ ಯಂತ್ರ ಮಾಡಿ 2018ರಲ್ಲಿ ಮ್ಯಾನ್‌ಹೋಲಿಗೆ ಇಳಿಸಿದರು. ಅದನ್ನು ನಡೆಸಲು ಮೊದಲು ಗುಂಡಿಗೆ ಇಳಿಯುತ್ತಿದ್ದವರಿಗೇ ತರಬೇತಿ ಕೊಟ್ಟರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಮೈಸೂರಿನಲ್ಲಿ ಸುತ್ತೂರು ಮಠಕ್ಕೆ ಯಂತ್ರದ ಆನೆ ಬಂದದ್ದನ್ನೂ ಓದಿದ್ದೀರಿ. ಸಂಕೋಲೆಯಲ್ಲಿ ನಿಲ್ಲಬೇಕಿದ್ದ ಒಂದು ಜೀವ ಕಾಡಿನಲ್ಲಿ ಉಳಿಯಲಿ ಎಂಬ ದಯೆ ಅದರ ಹಿಂದಿದೆ. ಈ ಸೀಮೆಯ ಗೇರುಬೀಜದ ಕಾರ್ಖಾನೆಗಳನ್ನೇ ನೋಡಿ. ಬೀಜದ ಸಿಪ್ಪೆಯ ಎಣ್ಣೆ ತಾಗಿ ಹೆಂಗಸರ ಬೆರಳು ಸುಟ್ಟು ಕಪ್ಪಾಗುತ್ತಿದ್ದವು. ಬೀಜ ಒಡೆಯುವ ಯಂತ್ರ ಬಂದಾಗ ಬೆರಳು ಉಳಿಯಿತು. ಬೆರಳು ಉಳಿದವರಲ್ಲಿ ಎಷ್ಟು ಜನರಿಗೆ ಕೆಲಸವೂ ಉಳಿಯಿತು ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಒಟ್ಟಿಗೇ ಕೇಳಬೇಕು.

ಈಗ ಯಂತ್ರಕ್ಕೆ ಆಗದ ಕೆಲಸ. ಕೆಲವು ವರ್ಷಗಳ ಹಿಂದೆ ಸಂಬಂಧಿಕರೊಬ್ಬರ ಕಾಯಿಲೆಗಾಗಿ ದೂರದ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ನಾನು ರಾತ್ರಿ ಕಳೆದೆ. ಅಲ್ಲಿ ಇಂಥದೇ ಒಂದು ಯಂತ್ರ ಕಾರಿಡಾರಿನಲ್ಲಿ ಓಡಾಡುತ್ತಿತ್ತು. ರಾತ್ರಿ ಎರಡು ಗಂಟೆ ಇರಬಹುದು, ಒಬ್ಬ ಮುದುಕಿ ದಾರಿ ತಪ್ಪಿ ನಡುವೆ ನಿಂತಿದ್ದರು. ಯಂತ್ರ ಅವರ ಮುಂದೆ ನಿಂತು ದಾರಿ ಬಿಡಿ ಎಂದು ಇಂಗ್ಲಿಷಿನಲ್ಲಿ ಹೇಳಿತು. ಅವರು ಹೆದರಿ ಗೋಡೆಗೆ ಒತ್ತಿಕೊಂಡರು. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತು, ಅಡಚಣೆಯನ್ನು ಬಳಸಿಕೊಂಡು ಮುಂದೆ ಹೋಯಿತು. ಆಗ ಮೂಲೆಯ ಸ್ಟೂಲಿನಿಂದ ವಾಚ್‌ಮನ್ ಎದ್ದು ಬಂದ. ನಮ್ಮ ಗದಗಿನ ಕಡೆಯ ಹುಡುಗ. "ಯಾಕ ಯವ್ವಾ, ಯಾರನ್ನ ಹುಡುಕಾಕತ್ತೀ?" ಎಂದ. "ಮಗನ್ನ ಐಸಿಯುದಾಗ ಇಟ್ಟಾರಪಾ, ನೀರು ಕುಡ್ಯಾಕ ಬಂದು ದಾರಿ ತಪ್ಪೇತಿ" ಎಂದು ಅವರು ಅತ್ತುಬಿಟ್ಟರು. ಅವನು ಅವರ ಕೈ ಹಿಡಿದು ಕರೆದೊಯ್ದ.

ಯಂತ್ರದ ನಕ್ಷೆಯಲ್ಲಿ ಆ ತಾಯಿ ಒಂದು ಅಡಚಣೆ. ವಾಚ್‌ಮನ್‌ನ ಕಣ್ಣಿಗೆ ಅವರು ಯವ್ವ. ತಳವಾರ ಕಾಮಿದೇವ ಊರು ಕಾದದ್ದು ಕಳ್ಳರನ್ನು ಹಿಡಿಯುವುದಕ್ಕೆ ಮಾತ್ರ ಇರಲಾರದು. ಕತ್ತಲಲ್ಲಿ ದಾರಿ ತಪ್ಪಿದವರೂ ಅವನ ಪಾಲಿಗೇ ಬಂದಿರಬೇಕು. ಕಾವಲಿನ ಅರ್ಧ ಕಳ್ಳನನ್ನು ನೋಡುವುದು, ಇನ್ನರ್ಧ ದಿಕ್ಕು ತಪ್ಪಿದವರನ್ನು ನೋಡುವುದು. ಯಂತ್ರ ಕೊಳ್ಳುವಾಗ ಮೊದಲನೆಯ ಅರ್ಧಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ.

ಕರಾವಳಿಯ ಹಿರಿಯರಿಗೆ ಇನ್ನೊಂದು ಮಾತು ನೆನಪಿಸುತ್ತೇನೆ. ಈ ಸೀಮೆಯಿಂದ ಬಡತನಕ್ಕೆ ಬೇಸತ್ತು ಮುಂಬಯಿಗೆ ಹೋದ ಹುಡುಗರು ಮೊದಲು ಮಾಡಿದ್ದೇನು? ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸಿದರು, ಲೋಟ ತೊಳೆದರು. ಹಗಲು ಲೋಟ ತೊಳೆದು ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಓದಿದರು. ಅವರಲ್ಲಿ ಸರ್ವರ್ ಆದವರು, ಮ್ಯಾನೇಜರ್ ಆದವರು, ಹೋಟೆಲಿನ ಮಾಲೀಕರಾದವರು, ವಕೀಲರಾದವರು ಇದ್ದಾರೆ. ಟೇಬಲ್ ಒರೆಸುವುದು ಏಣಿಯ ಮೊದಲ ಮೆಟ್ಟಿಲಾಗಿತ್ತು. ಇವತ್ತು ನಮ್ಮ ಉತ್ತರ ಕರ್ನಾಟಕದ ಹುಡುಗ ಹುಡುಗಿಯರಿಗೆ ಮಣಿಪಾಲದ ಕಾವಲು ಕೆಲಸ, ಸಫಾಯಿ ಕೆಲಸ ಅದೇ ಮೊದಲ ಮೆಟ್ಟಿಲು. ಯಂತ್ರವನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟರೆ ಏಣಿ ಹತ್ತುವವರು ಕಾಲು ಎಲ್ಲಿಡಬೇಕು?

ಇನ್ನು ನಮಗೇ ಕಹಿಯಾದ ಮಾತು. ಕೊರೊನಾ ಕಾಲದಲ್ಲಿ ಇಂಥ ಯಂತ್ರಗಳನ್ನು ಹೊಗಳುವಾಗ 'ಯಾರ ಕೈಯೂ ತಾಗದ ಸೇವೆ' ಎಂದರು. ರೋಗದ ಭಯವಿತ್ತು, ಆಗ ಅದು ಸರಿ. ಆದರೆ ನಮ್ಮ ಸಮಾಜದಲ್ಲಿ ಕೈ ತಾಗದ ಸೇವೆ ಎಂಬ ಆಸೆ ಕೊರೊನಾಗಿಂತ ಬಹಳ ಹಳೆಯದು. ಕಸ ಹೋಗಬೇಕು, ಕಸ ತೆಗೆಯುವವನು ಕಾಣಬಾರದು. ತಟ್ಟೆ ಬರಬೇಕು, ತಂದವನ ಜಾತಿ ಯೋಚಿಸುವ ಪ್ರಸಂಗ ಬರಬಾರದು. ಈ ಮನಸ್ಸಿಗೆ ರೋಬೋಟ್ ಬಹಳ ಹಿತ. ಅದಕ್ಕೆ 'ಬನ್ನಿರಿ' ಎನ್ನಬೇಕಿಲ್ಲ, ಪಂಕ್ತಿಯಲ್ಲಿ ಕೂರಿಸಬೇಕಿಲ್ಲ, ಹಬ್ಬಕ್ಕೆ ರಜೆ, ಪಿ.ಎಫ್. ಯಾವುದೂ ಬೇಡ. ಅಸ್ಪೃಶ್ಯತೆಯನ್ನು ಕಿತ್ತು ಹಾಕಲು ಕಲ್ಯಾಣದಲ್ಲಿ ರಕ್ತ ಹರಿಯಿತು. ಅದೇ ಕಾಯಿಲೆ ಬ್ಯಾಟರಿ ಹಾಕಿಕೊಂಡು ಹಿಂಬಾಗಿಲಿನಿಂದ ಬರದಂತೆ ನೋಡಿಕೊಳ್ಳಬೇಕು. ಇದನ್ನು ಬೇರೆಯವರಿಗೆ ಹೇಳುವ ಮೊದಲು ನಮ್ಮ ಅಂಗಳ ನೋಡಿಕೊಳ್ಳೋಣ. ನಮ್ಮ ಸಭೆಗಳ ನಂತರ ಹಾಲ್ ಗುಡಿಸುವವರ ಹೆಸರು ನಮಗೆ ಗೊತ್ತೇ? ಪ್ರಸಾದಕ್ಕೆ ಅವರು ನಮ್ಮ ಪಕ್ಕದಲ್ಲಿ ಕೂರುತ್ತಾರೆಯೇ, ಎಲ್ಲರದೂ ಆದ ಮೇಲೆ ಹಿಂದಿನ ಬಾಗಿಲಲ್ಲಿ ಉಣ್ಣುತ್ತಾರೆಯೇ?

ಹಾಗಾದರೆ ಮಾಡಬೇಕಾದದ್ದೇನು? ಆಯ್ದಕ್ಕಿ ಲಕ್ಕಮ್ಮನನ್ನು ಕೇಳೋಣ. ಗಂಡ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇವತ್ತು ಹೆಚ್ಚಾದದ್ದು ನಮ್ಮದಲ್ಲ, ವಾಪಸು ಸುರಿದು ಬಾ ಎಂದು ಕಳಿಸಿದಳು. ಯಂತ್ರ ತಂದ ಸಂಸ್ಥೆಗೆ ಸಂಬಳದಲ್ಲಿ ಉಳಿತಾಯ ಆಗುತ್ತದೆ. ಆ ಉಳಿತಾಯ ಲಕ್ಕಮ್ಮ ಹೇಳಿದ ಹೆಚ್ಚಾದ ಅಕ್ಕಿ. ಅದು ಯಾರ ಅಂಗಳದ್ದೋ ಅಲ್ಲಿಗೆ ಹೋಗಬೇಕು. ವರ್ಷಗಟ್ಟಲೆ ಆ ನೆಲ ಒರೆಸಿದವರ ಅಂಗಳಕ್ಕೆ ಹೋಗಬೇಕು.

ಇದನ್ನು ಸರ್ಕಾರ ಮಾಡಲಿ, ಕಂಪನಿಗಳು ಮಾಡಲಿ ಎಂದು ಕೂರುವುದು ಬೇಡ. ನಮ್ಮ ಮಠಗಳೇ ರಾಜ್ಯದಲ್ಲಿ ಎಷ್ಟೋ ಆಸ್ಪತ್ರೆ, ಕಾಲೇಜು, ಹಾಸ್ಟೆಲ್ ನಡೆಸುತ್ತವೆ. ಅಲ್ಲಿಗೂ ಈ ಯಂತ್ರಗಳು ಬರುತ್ತವೆ. ಪೂಜ್ಯರ ಮುಂದೆ ನಾಲ್ಕು ಬಿನ್ನಹ ಇಡುತ್ತೇನೆ.

ಒಂದು, ಯಂತ್ರ ಬಂದ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸಬಾರದು. ಅವರಲ್ಲೇ ಕೆಲವರಿಗೆ ಅದನ್ನು ನಡೆಸಲು, ಚಾರ್ಜ್ ಮಾಡಲು, ಬ್ರಷ್ ಬದಲಿಸಲು, ನಕ್ಷೆ ತಿದ್ದಲು ಕಲಿಸಬೇಕು. ಮ್ಯಾನ್‌ಹೋಲಿನವರಿಗೆ ಕಲಿಸಲು ಆದದ್ದು ಕಾರಿಡಾರಿನವರಿಗೆ ಯಾಕೆ ಆಗದು?

ಎರಡು, ಹೊಲಸು ಕೆಲಸ ಮೊದಲು ಯಂತ್ರಕ್ಕೆ ಹೋಗಲಿ. ಈಗ ಆಗುತ್ತಿರುವುದು ತಿರುಗಾಮುರುಗಾ. ಉದ್ದನೆಯ ನುಣ್ಣನೆಯ ಕಾರಿಡಾರ್ ಯಂತ್ರಕ್ಕೆ ಸುಲಭ, ಅದನ್ನು ಅದು ತೆಗೆದುಕೊಳ್ಳುತ್ತದೆ. ಶೌಚಾಲಯ, ಮೆಟ್ಟಿಲ ಸಂದಿ, ವಾಂತಿ, ರಕ್ತ ಮನುಷ್ಯರಿಗೆ ಉಳಿಯುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ಎರಡು ಗಂಟೆ ಇದ್ದ ಹೊಲಸು ಎಂಟು ಗಂಟೆಯೂ ಆಗುತ್ತದೆ. ಅದು ಸುಧಾರಣೆ ಅಲ್ಲ. ಇಂಜಿನಿಯರ್ ಮಕ್ಕಳು ಕಷ್ಟದ ಮೂಲೆಗಳಿಗೆ ತಲೆ ಕೊಡಲಿ. ಅದಕ್ಕೆ ಮೊದಲು ಒಂದು ವಾರ ಸಫಾಯಿಯವರ ಜೊತೆ ಪಾಳಿ ಮಾಡಲಿ. ಇಲ್ಲಿ ಹಿಡಿಸೂಡಿ ಎನ್ನುತ್ತೀರಿ, ನಮ್ಮ ಕಡೆ ಕಸಬರಿಗೆ. ಹೆಸರು ಏನಾದರೂ ಇರಲಿ, ಅದನ್ನು ಹಿಡಿದ ಕೈಗೆ ಗೊತ್ತಿರುವುದು ಕಂಪ್ಯೂಟರ್ ಮುಂದೆ ಕುಳಿತವರಿಗೆ ತಿಳಿಯದು.

ಮೂರು, ಕಾವಲು ಯಂತ್ರದ ಕಣ್ಣಿಗೆ ಲಗಾಮು ಇರಲಿ. ಅದು ಓಡಾಡುವ ಕ್ಯಾಮೆರಾ. ಹಾಸ್ಟೆಲಿನ ಹೆಣ್ಣುಮಕ್ಕಳ ಮುಖ, ರೋಗಿಗಳ ಮುಖ, ಕೆಲಸದವರು ಎಷ್ಟು ನಿಮಿಷ ಕೂತರು ಎಂಬ ಲೆಕ್ಕ, ಎಲ್ಲವೂ ಅದರಲ್ಲಿ ಸೇರುತ್ತದೆ. ಜನರ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಖಾಸಗಿ ಕಾವಲುಗಾರರಿಗೆ ತರಬೇತಿ ಇರಬೇಕೆಂದು 2005ರ ಕಾಯ್ದೆ ಹೇಳುತ್ತದೆ. ಮನುಷ್ಯ ಕಾವಲುಗಾರನಿಗೆ ಇಷ್ಟು ನಿಯಮ ಇರುವಾಗ, ಯಂತ್ರ ನೋಡಿದ್ದನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು.

ನಾಲ್ಕು, ರಾತ್ರಿ ಹೊತ್ತು ಪ್ರತಿ ಮಹಡಿಯಲ್ಲಿ ಒಬ್ಬ ಮನುಷ್ಯ ಇರಲಿ. 'ಯಾಕ ಯವ್ವಾ' ಎನ್ನುವವನೊಬ್ಬ ಇರಲಿ. ಅದು ದುಂದು ವೆಚ್ಚ ಅಲ್ಲ, ದಾಸೋಹ.

ಕೊನೆಗೆ ಆ ತಾಯಿಗೆ. ಅಮ್ಮಾ, ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ನಿಮ್ಮ ಕೆಲಸದ ಒಂದು ಪಾಲನ್ನು ಆ ಮಷೀನು ತೆಗೆದುಕೊಳ್ಳುತ್ತದೆ. ಆದರೆ ನಿಮ್ಮನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಮಷೀನು ಅಲ್ಲ. ಅದನ್ನು ತೀರ್ಮಾನಿಸುವವರು ಕುರ್ಚಿಯ ಮೇಲೆ ಕುಳಿತ ಮನುಷ್ಯರು. ಆ ಕುರ್ಚಿಗಳಲ್ಲಿ ಕೆಲವರ ಮೇಜಿನ ಮೇಲೆ ಬಸವಣ್ಣನವರ ಫೋಟೋ ಇದೆ. ಅವರ ಹತ್ತಿರ ಹೋಗಿ ಕೇಳುವ ಕೆಲಸ ನಿಮ್ಮೊಬ್ಬರದೇ ಅಲ್ಲ, ಇಲ್ಲಿ ಕುಳಿತ ನಮ್ಮೆಲ್ಲರದು. ನೀವು ಒಬ್ಬರೇ ಹೋಗಬೇಡಿ, ನಮ್ಮನ್ನು ಕರೆಯಿರಿ. ಆ ಮಷೀನನ್ನು ನಡೆಸುವುದು ಹೇಗೆಂದು ಕಲಿಯಲು ಅವಕಾಶ ಕೊಟ್ಟರೆ ಹಿಂಜರಿಯಬೇಡಿ. ಮೊಬೈಲ್ ಕಲಿತವರಿಗೆ ಅದು ದೊಡ್ಡದಲ್ಲ. ನಿಮ್ಮ ಮಗ ಇಂಜಿನಿಯರಿಂಗ್ ಓದುತ್ತಿದ್ದರೆ ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಅವನಿಗೆ ನಿಮ್ಮ ಕೆಲಸ ಹೇಗಿರುತ್ತದೆ ಎಂದು ಹೇಳಿ. ಯಾವ ಮೂಲೆ ಕಷ್ಟ, ಯಾವ ನೀರಿಗೆ ಕೈ ಉರಿಯುತ್ತದೆ, ಯಾರು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ, ಎಲ್ಲ ಹೇಳಿ. ಅವನು ನಾಳೆ ಮಾಡುವ ಯಂತ್ರಕ್ಕೆ ಅದಕ್ಕಿಂತ ದೊಡ್ಡ ಪಾಠ ಯಾವ ಕಾಲೇಜಿನಲ್ಲೂ ಸಿಗದು.

ಪ್ರಸಾದದ ಹೊತ್ತಾಯಿತು. ಇವತ್ತು ಈ ಅಂಗಳ ಗುಡಿಸಿದವರು, ಪಾತ್ರೆ ತೊಳೆಯಲು ಬಂದವರು ಮೊದಲ ಪಂಕ್ತಿಯಲ್ಲಿ ಕೂರಲಿ, ನಾವು ಬಡಿಸೋಣ. ಅಲ್ಲಿಂದಲೇ ಶುರುವಾಗಲಿ.